ಮೀನ್ ಇತ್ತ್

ನ್ಯೂ ಜೆರ್ಸಿಯಲ್ಲಿ ಚಳಿಗಾಲ ಮುಗಿಯಿತೆಂದು ತಿಳಿಯಲು ಒಬ್ಬೊಬ್ಬರಿಗೆ ಒಂದೊಂದು ಗುರುತು. ಕೆಲವರಿಗೆ ಚೆರ್ರಿ ಹೂವು, ಕೆಲವರಿಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಭಾನುವಾರ. ರಾರಿಟನ್ ಕೊಲ್ಲಿಯ ಸುತ್ತಮುತ್ತ ಇರುವ ಗಾಳದ ಹುಚ್ಚಿನವರಿಗೆ ಮಾತ್ರ ನೀರಿನ ಉಷ್ಣಾಂಶವೇ ಪಂಚಾಂಗ. ಅದು 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದ 10 ಡಿಗ್ರಿಯ ಹತ್ತಿರ ಬರುತ್ತಿದ್ದಂತೆ ಅವರ ಮಾತೆಲ್ಲ ಒಂದೇ ಮೀನಿನ ಮೇಲೆ ಬಂದು ನಿಲ್ಲುತ್ತದೆ. ಆ ಮೀನಿನ ಹೆಸರು ಸ್ಟ್ರೈಪ್ಡ್ ಬಾಸ್. ಇಲ್ಲಿನವರ ಬಾಯಲ್ಲಿ ಅದು ಸ್ಟ್ರೈಪರ್, ಇನ್ನೂ ದಕ್ಷಿಣಕ್ಕೆ ಮೇರಿಲ್ಯಾಂಡಿಗೆ ಹೋದರೆ ರಾಕ್‌ಫಿಶ್.

ಬೆಳ್ಳಿ ಬಣ್ಣದ ಮೈ, ಕಿವಿರಿನ ಹಿಂದಿನಿಂದ ಬಾಲದವರೆಗೆ ರೂಲ್ ಹಾಕಿದ ಹಾಗೆ ಏಳೆಂಟು ಕಪ್ಪು ಗೆರೆಗಳು. ಬದುಕುವುದು ಕಡಲಿನಲ್ಲಿ, ಮೊಟ್ಟೆ ಇಡಲು ಏರುವುದು ಸಿಹಿನೀರಿನ ನದಿಗೆ. ಹೆಚ್ಚಿನವು ಹುಟ್ಟುವುದು ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳಲ್ಲಿ. ಹಡ್ಸನ್ ಮತ್ತು ಡೆಲವೇರ್ ನದಿಗಳೂ ಅದರ ತವರುಗಳೇ. ಮೂವತ್ತು ವರ್ಷ ಬಾಳಬಲ್ಲದು. 2011ರಲ್ಲಿ ಕನೆಕ್ಟಿಕಟ್‌ನ ಕಡಲಿನಲ್ಲಿ ಗಾಳಕ್ಕೆ ಸಿಕ್ಕ ದಾಖಲೆಯ ಮೀನು 81.88 ಪೌಂಡ್, ಹತ್ತಿರ ಹತ್ತಿರ 37 ಕಿಲೋ ತೂಗಿತ್ತು. ನಮ್ಮ ರಾರಿಟನ್ ಕೊಲ್ಲಿ ಹಡ್ಸನ್ ನದಿಯ ಅಂಗಳವಿದ್ದ ಹಾಗೆ. ಒಂದು ಕಡೆ ಸ್ಟೇಟನ್ ದ್ವೀಪ, ಇನ್ನೊಂದು ಕಡೆ ನ್ಯೂ ಜೆರ್ಸಿಯ ದಡ, ಬಾಗಿಲಲ್ಲಿ ಸ್ಯಾಂಡಿ ಹುಕ್ ಎಂಬ ಮರಳಿನ ನಾಲಿಗೆ. ಬಿಸಿಲೇರಿದ ದಿನ ದೂರದಲ್ಲಿ ಮ್ಯಾನ್‌ಹ್ಯಾಟನ್ನಿನ ಕಟ್ಟಡಗಳು ಕಾಣುತ್ತವೆ. ಮೊಟ್ಟೆ ಇಡಲು ಹಡ್ಸನ್ ಏರುವ ಮೀನು ಈ ಅಂಗಳದಲ್ಲಿ ಕೆಲವು ವಾರ ನಿಂತು, ಮೇದು, ಮೈ ತುಂಬಿಕೊಂಡು ಮುಂದೆ ಹೋಗುತ್ತದೆ.

ಈ ದೇಶದ ಇತಿಹಾಸದಷ್ಟೇ ಹಳೆಯದು ಈ ಮೀನಿನ ಮೇಲಿನ ಕಾನೂನು. 1639ರಲ್ಲಿ ಮ್ಯಾಸಚೂಸೆಟ್ಸ್ ಬೇ ವಸಾಹತು, ಕಾಡ್ ಮತ್ತು ಬಾಸ್ ಮೀನುಗಳನ್ನು ಹೊಲಕ್ಕೆ ಗೊಬ್ಬರವಾಗಿ ಹಾಕಬಾರದೆಂದು ಕಟ್ಟಳೆ ಮಾಡಿತು. ಗೊಬ್ಬರಕ್ಕೆ ಹಾಕುವಷ್ಟು ಮೀನಿತ್ತು ಎನ್ನುವುದು ಒಂದು ಮಾತು. ಅಷ್ಟಿದ್ದಾಗಲೇ ಯಾರಿಗೋ ಹೆದರಿಕೆಯಾಯಿತು ಎನ್ನುವುದು ಇನ್ನೊಂದು. 1879ರಲ್ಲಿ ನಮ್ಮ ಕೊಲ್ಲಿಯ ಪಕ್ಕದ ನೇವಸಿಂಕ್ ನದಿಯಿಂದ ಹಿಡಿದ ನೂರಮೂವತ್ತರಷ್ಟು ಮರಿಗಳನ್ನು ರೈಲಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಒಯ್ದು ಬಿಟ್ಟರು. ಅಲ್ಲಿ ಅವು ಬೇರೂರಿ, ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಗೆ ಬರುವಷ್ಟಾದವು.

ನನಗೆ ಈ ಮೀನು ಪರಿಚಯವಾದದ್ದು ನೆರೆಮನೆಯವರಿಂದ. ಇಟಲಿಯಿಂದ ಬಂದವರ ಮೂರನೇ ತಲೆಮಾರು, ನಿವೃತ್ತ ವಿದ್ಯುತ್ ಕೆಲಸಗಾರ, 21 ಅಡಿಯ ಒಂದು ಹಳೆಯ ದೋಣಿ. ದೋಣಿಯಲ್ಲಿ ಒಬ್ಬರೇ ಹೋಗಬಾರದೆಂದು ಅವರ ಹೆಂಡತಿಯ ಆಜ್ಞೆ. ಆ ಆಜ್ಞೆಯ ಪಾಲನೆಗಾಗಿ ನಾನು. ಕಡಲ ಕರೆಯಲ್ಲಿ ಹುಟ್ಟಿದವನು ಅಂದದ್ದೇ ಸಾಕಾಯಿತು, ಅವರು ಮುಂದೆ ಏನೂ ಕೇಳಲಿಲ್ಲ. ಕೋಟೇಶ್ವರದ ಹತ್ತಿರದ ನಮ್ಮೂರಿನಲ್ಲಿ ನಾನು ಕಡಲನ್ನು ದಡದಿಂದ ನೋಡಿದ್ದೇ ಹೆಚ್ಚು. ಕಡಲಿಗೆ ಇಳಿದವರು ನನ್ನ ಅಪ್ಪಯ್ಯ. ಹದಿನೆಂಟನೇ ವಯಸ್ಸಿಗೆ ರಂಪಣಿ ಹಗ್ಗ ಹಿಡಿದವರು. ಆಮೇಲೆ ದೋಣಿ, ಆಮೇಲೆ ಬೇರೆಯವರ ಬೋಟು, ಕೊನೆಗೆ ಬಂದರಿನಲ್ಲಿ ಐಸಿನ ಲೆಕ್ಕ ಬರೆಯುವ ಕೆಲಸ. 2024ರ ಏಪ್ರಿಲ್ ತಿಂಗಳಲ್ಲಿ ಅವರು ಮೊದಲ ಸಲ ಇಲ್ಲಿಗೆ ಬಂದರು. ಮೂರು ವಾರ ಮನೆಯಲ್ಲಿ ಕೂತು ಕಿಟಕಿಯಿಂದ ಅಳಿಲು ಎಣಿಸಿದ ಮೇಲೆ, ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಐದಕ್ಕೆ, ನಾವು ಮೂವರೂ ದೋಣಿ ಹತ್ತಿದೆವು.

ಸ್ಟ್ರೈಪರ್ ಹಿಡಿಯುವ ಮೊದಲು ಇನ್ನೊಂದು ಮೀನನ್ನು ಹಿಡಿಯಬೇಕು, ಅದೂ ಜೀವಂತವಾಗಿ. ಅದರ ಹೆಸರು ಮೆನ್‌ಹೇಡನ್. ಇಲ್ಲಿ ಎಲ್ಲರೂ ಬಂಕರ್ ಅನ್ನುತ್ತಾರೆ. ನಮ್ಮ ಬೈಗೆಯ, ಅಂದರೆ ಮಂಗಳೂರಿನವರ ಬೂತಾಯಿಯ ದೂರದ ನೆಂಟ. ಅದೇ ಬೆಳ್ಳಿ ಹೊಳಪು, ಅದೇ ಎಣ್ಣೆ, ಅದೇ ಮುಳ್ಳು. ಗಾತ್ರ ಮಾತ್ರ ಒಂದು ಅಡಿ, ಕಿವಿರಿನ ಹಿಂದೆ ದೃಷ್ಟಿಬೊಟ್ಟಿನಂಥ ಕಪ್ಪು ಚುಕ್ಕೆ. ಬಾಯಿ ತೆರೆದುಕೊಂಡು ಈಜುತ್ತ ನೀರನ್ನು ಸೋಸಿ, ಅದರಲ್ಲಿನ ಕಣ್ಣಿಗೆ ಕಾಣದ ಜೀವಿಗಳನ್ನು ತಿಂದು ಬದುಕುವ ಮೀನು. ಹಾಗಾಗಿ ಅದಕ್ಕೆ ಎರೆ ತೋರಿಸಿ ಹಿಡಿಯುವ ಮಾತೇ ಇಲ್ಲ. ಬಲೆಯೇ ಬೇಕು. ಈ ಹೆಸರು ಬಂದದ್ದು ಇಲ್ಲಿನ ಮೂಲನಿವಾಸಿಗಳ ಭಾಷೆಯಿಂದ, ನೆಲವನ್ನು ಫಲವತ್ತು ಮಾಡುವುದು ಎಂದು ಅದರ ಅರ್ಥ ಎನ್ನುತ್ತಾರೆ. ಅವರು ಜೋಳದ ಬುಡಕ್ಕೆ ಮೀನು ಹೂಳುತ್ತಿದ್ದರಂತೆ. ಇದನ್ನು ಹೇಳಿದಾಗ ಅಪ್ಪಯ್ಯನಿಗೆ ಏನೂ ಆಶ್ಚರ್ಯ ಆಗಲಿಲ್ಲ. ನಮ್ಮಲ್ಲಿ ಬೈಗೆ ರಾಶಿ ಬಿದ್ದ ವರ್ಷ ಅದು ಹೋಗುತ್ತಿದ್ದದ್ದೂ ತೆಂಗಿನ ಬುಡಕ್ಕೇ.

ಬಂಕರ್ ಹುಡುಕುವಾಗ ನೆರೆಯವರು ಚುಕ್ಕಾಣಿಯ ಪಕ್ಕದ ಪರದೆ ನೋಡುತ್ತಾ ನಿಧಾನ ದೋಣಿ ಬಿಡುತ್ತಿದ್ದರು. ಅಪ್ಪಯ್ಯ ಮುಂದುಗಡೆ ಕೂತು ನೀರು ನೋಡುತ್ತಿದ್ದರು. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ಆದರೂ ಮೊದಲು ಕೈ ಎತ್ತಿದವರು ಅವರೇ. "ಅಲ್ಲ್ ಕಾಣ್, ನೀರ್ ಕುದಿತಾ ಇತ್ತ್." ನಾನು ನೋಡಿದೆ. ನನಗೆ ಕಂಡದ್ದು ಬೆಳಗಿನ ಬೂದು ನೀರು ಮಾತ್ರ. ದೋಣಿ ಇನ್ನೂ ಸ್ವಲ್ಪ ಹತ್ತಿರ ಹೋದ ಮೇಲೆ, ಸಣ್ಣ ಮಳೆ ಬಿದ್ದ ಹಾಗೆ ಒಂದು ಕಡೆ ಮಾತ್ರ ನೀರು ಸುಕ್ಕುಗಟ್ಟುತ್ತಿರುವುದು ತಿಳಿಯಿತು. ಎಣ್ಣೆಯ ಪಸೆಯಂಥ ಒಂದು ನುಣುಪು, ನಡುವೆ ಆಗೀಗ ಒಂದು ಬಾಲದ ಪಟಕ್ ಸದ್ದು. ಅಷ್ಟರಲ್ಲಿ ಪರದೆಯ ಮೇಲೂ ಕೆಂಪು ಮೋಡ ಬಂತು.

ಇಲ್ಲಿ ಬಂಕರ್ ಹಿಡಿಯುವುದು ನಮ್ಮ ಬೀಸುಬಲೆಯಲ್ಲೇ. ನೈಲಾನಿನದು, ಅಂಚಿಗೆ ಸೀಸದ ಮಣಿ, ನಡುವಿನಿಂದ ಹೊರಟ ಹಗ್ಗದ ತುದಿ ಮಣಿಕಟ್ಟಿಗೆ. ನೆರೆಯವರು ಬಲೆ ಎತ್ತಿಕೊಳ್ಳುವಾಗ ಅಪ್ಪಯ್ಯ ಎದ್ದು ನಿಂತು ಕೈ ಚಾಚಿದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೆ ಆ ಕೈಗೆ ಅನುವಾದ ಬೇಕಿರಲಿಲ್ಲ. ಹಗ್ಗ ಸುತ್ತಿಕೊಂಡರು, ಬಲೆಯ ಅರ್ಧ ಮೊಣಕೈಗೆ ಹಾಕಿದರು, ಅಂಚಿನ ಒಂದು ಮಣಿಯನ್ನು ಹಲ್ಲಿನಲ್ಲಿ ಕಚ್ಚಿದರು. ಎಪ್ಪತ್ತರ ಮೇಲಿನ ಸೊಂಟ ಒಮ್ಮೆ ಎಡಕ್ಕೆ ತಿರುಗಿ ಬಲಕ್ಕೆ ಬಂತು. ಬಲೆ ಗಾಳಿಯಲ್ಲಿ ದುಂಡಗೆ ಬಿಚ್ಚಿ, ಒಂದೇ ಸದ್ದಿನಲ್ಲಿ ನೀರಿಗೆ ಬಿತ್ತು. ಮೇಲೆಳೆದಾಗ ಮೂವತ್ತರ ಮೇಲೆ ಮೀನು. ನೆರೆಯವರು ಚಪ್ಪಾಳೆ ತಟ್ಟಿದರು. ಅಪ್ಪಯ್ಯ ಮಣಿಕಟ್ಟಿನ ಹಗ್ಗ ಬಿಚ್ಚುತ್ತಾ, ಬಲೆಯ ಕಣ್ಣು ಸ್ವಲ್ಪ ದೊಡ್ಡದಾಯಿತು ಅಂದರು.

ಅವರಿಗೆ ಅರ್ಥವಾಗದೆ ಉಳಿದದ್ದು ಆಮೇಲಿನ ಉಪಚಾರ. ಮೂವತ್ತರಲ್ಲಿ ನೆರೆಯವರು ಹದಿನೈದನ್ನು ಮಾತ್ರ ಆರಿಸಿ, ಉಳಿದವನ್ನು ನೀರಿಗೆ ಬಿಟ್ಟರು. ಹದಿನೈದೂ ದೋಣಿಯ ಹಿಂದಿನ ದುಂಡಗಿನ ತೊಟ್ಟಿಗೆ. ತೊಟ್ಟಿ ದುಂಡಗೇ ಇರಬೇಕು. ಬಂಕರ್ ನಿಲ್ಲಲು ಬಾರದ ಮೀನು, ಸದಾ ಸುತ್ತುತ್ತಲೇ ಇರಬೇಕು, ಮೂಲೆ ಇದ್ದರೆ ಅದಕ್ಕೆ ಮೂತಿ ಬಡಿದುಕೊಂಡು ಸಾಯುತ್ತದೆ. ಪಂಪು ಕಡಲ ನೀರನ್ನು ಒಳಗೆ ತಂದು ಹೊರಗೆ ಬಿಡುತ್ತಲೇ ಇರಬೇಕು. ಹೆಚ್ಚು ಮೀನು ತುಂಬಿದರೆ ಆಮ್ಲಜನಕ ಸಾಲದೆ ಎಲ್ಲವೂ ಹೋಗುತ್ತವೆ. ಕೈಯಲ್ಲಿ ಹಿಡಿಯುವಾಗಲೂ ಕೈ ಒದ್ದೆ ಇರಬೇಕು, ಇಲ್ಲದಿದ್ದರೆ ಮೈಯ ಲೋಳೆ ಕಿತ್ತುಬರುತ್ತದೆ. ಸಾಯಲಿಕ್ಕೆ ಕಳಿಸುವ ಮೀನಿಗೆ ಇಷ್ಟೊಂದು ಆರೈಕೆಯೇ ಎಂದು ಅಪ್ಪಯ್ಯ ತೊಟ್ಟಿಯನ್ನೇ ನೋಡುತ್ತಾ ಕೂತರು. ಸೋತ ಬಂಕರನ್ನು ದೊಡ್ಡ ಮೀನು ಮೂಸಿಯೂ ನೋಡುವುದಿಲ್ಲ, ಗಾಬರಿಯಿಂದ ಓಡುವುದೇ ಬೇಕು ಎಂದು ನಾನು ವಿವರಿಸಿದೆ.

ಇನ್ನು ಪರದೆಯ ವಿಷಯ. ಸೋನಾರ್ ಎಂದರೆ ಕಣ್ಣಲ್ಲ, ಕಿವಿ. ದೋಣಿಯ ಅಡಿಯಲ್ಲಿ ಅಂಟಿಸಿರುವ ಒಂದು ಸಣ್ಣ ಬಿಲ್ಲೆ ನೀರಿನೊಳಗೆ ಶಬ್ದ ಕಳಿಸುತ್ತದೆ. ನಮ್ಮ ಕಿವಿಗೆ ಕೇಳದ ಶಬ್ದ, ಸೆಕೆಂಡಿಗೆ 50 ಸಾವಿರ ಅಥವಾ 2 ಲಕ್ಷ ಕಂಪನದ್ದು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಕೊಲ್ಲಿಯ 20 ಅಡಿ ಆಳದ ತಳಕ್ಕೆ ತಾಗಿ ಮರಳಲು ಅದಕ್ಕೆ ಒಂದು ಸೆಕೆಂಡಿನ ನೂರನೇ ಒಂದು ಭಾಗವೂ ಬೇಡ. ಹೋಗಿ ಬಂದ ಹೊತ್ತನ್ನು ಅಳೆದು ಯಂತ್ರ ಆಳ ಹೇಳುತ್ತದೆ. ನಡುವೆ ಮೀನು ಸಿಕ್ಕರೆ ಅದೂ ಮಾರ್ದನಿ ಕೊಡುತ್ತದೆ. ಕೊಡುವುದು ಮಾಂಸವಲ್ಲ, ಮುಖ್ಯವಾಗಿ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ. ಮೀನಿನ ಮೈ ಬಹುಪಾಲು ನೀರೇ, ಶಬ್ದಕ್ಕೆ ಅದು ಹೆಚ್ಚು ಅಡ್ಡಿಯಾಗುವುದಿಲ್ಲ. ಗಾಳಿ ಮಾತ್ರ ಗೋಡೆಯ ಹಾಗೆ ತಡೆದು ಹಿಂದಕ್ಕೆ ಕಳಿಸುತ್ತದೆ. ಗಾಳಿಚೀಲ ಇಲ್ಲದ ಅಟ್ಲಾಂಟಿಕ್ ಬಂಗುಡೆ ಅದಕ್ಕೇ ಪರದೆಯಲ್ಲಿ ಮಂಕಾಗಿ ಕಾಣುತ್ತದೆ.

ಬಂಕರ್ ಹಿಂಡು ಪರದೆಯ ಮೇಲೆ ಒತ್ತಾದ ಮೋಡ. ಸ್ಟ್ರೈಪರ್ ಒಂದೊಂದಾಗಿ ಹುಬ್ಬಿನಂತೆ ಬಾಗಿದ ಗೆರೆ. ಹುಬ್ಬಿನಂತೆ ಯಾಕೆ? ಶಬ್ದ ಕೆಳಗೆ ಹೋಗುವುದು ಅಗಲವಾಗುತ್ತಾ ಹೋಗುವ ಶಂಕುವಿನ ಆಕಾರದಲ್ಲಿ. ಮೀನು ಅದರ ಅಂಚಿಗೆ ಬಂದಾಗ ದೋಣಿಯಿಂದ ತುಸು ದೂರ, ನಡುವಿಗೆ ಬಂದಾಗ ಹತ್ತಿರ, ಆಚೆ ದಾಟಿದಾಗ ಮತ್ತೆ ದೂರ. ಹೊಸಬರು ಉದ್ದ ಗೆರೆ ಕಂಡರೆ ದೊಡ್ಡ ಮೀನು ಅಂದುಕೊಳ್ಳುತ್ತಾರೆ. ಹಾಗಲ್ಲ. ಉದ್ದ ಗೆರೆ ಎಂದರೆ ಹೆಚ್ಚು ಹೊತ್ತು ನಿಂತ ಮೀನು, ಅಷ್ಟೇ. ದಪ್ಪ ಗೆರೆಗೆ ಮಾತ್ರ ಗಾತ್ರದ ಸುಳಿವಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಪರದೆಯ ಬಲ ಅಂಚಿನ ಒಂದು ಕೂದಲೆಳೆಯಷ್ಟು ಜಾಗ ಮಾತ್ರ ಈಗಿನದು. ಅದರ ಎಡಕ್ಕೆ ಇರುವುದೆಲ್ಲ ಕಳೆದುಹೋದದ್ದು. ಹತ್ತು ಸೆಕೆಂಡಿನ ಹಿಂದೆ, ಅರ್ಧ ನಿಮಿಷದ ಹಿಂದೆ ದೋಣಿಯ ಕೆಳಗೆ ಇದ್ದ ಮೀನು. ಈಗ ಎಲ್ಲಿದೆಯೋ, ಬಲ್ಲವರಿಲ್ಲ.

ಇದನ್ನು ಹೇಳಿದಾಗ ಅಪ್ಪಯ್ಯ, "ಹಾಂಗಾರೆ ಇದ್ರಗ್ ಕಾಂಬುದ್ ಈಗ್ಳಿನ್ ಮೀನ್ ಅಲ್ದಾ?" ಎಂದು ಕೇಳಿದರು. ಅಲ್ಲ ಅಂದೆ. ಅವರು ಮತ್ತೆ ಪರದೆಗೆ ಬೆರಳಿಟ್ಟು, "ಮೀನ್ ಇತ್ತ್" ಅಂದರು. ಕುಂದಾಪುರದ ಕಡೆಯವರಲ್ಲದ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ 'ಇತ್ತ್' ಎಂದರೆ 'ಇದೆ'. ಮನೆಯಲ್ಲಿ ಅಕ್ಕಿ ಇತ್ತ್ ಅಂದರೆ ಅಕ್ಕಿ ಈಗ ಇದೆ ಎಂದೇ ಅರ್ಥ. ಬೆಂಗಳೂರಿನಲ್ಲಿ ಓದುವಾಗ ಈ ಒಂದು ಪದದಿಂದ ನಾನು ಅನುಭವಿಸಿದ ನಗೆಪಾಟಲು ಕಡಿಮೆಯಲ್ಲ. ದುಡ್ಡು ಇತ್ತ್ ಅಂದರೆ, ಈಗ ಏನಾಯ್ತು ಎಂದು ಕೇಳುತ್ತಿದ್ದರು. ಆ ದಿನ ದೋಣಿಯಲ್ಲಿ ಅಪ್ಪಯ್ಯ ಹೇಳಿದ್ದು ಇದೆ ಎಂದೋ, ಇತ್ತು ಎಂದೋ ನನಗೆ ತಿಳಿಯಲಿಲ್ಲ. ಆ ಪರದೆಯ ಮುಂದೆ ಎರಡೂ ಸರಿಯೇ.

ಈ ಯಂತ್ರದ ಹುಟ್ಟಿಗೂ ಮೀನಿಗೂ ಮೊದಲು ಸಂಬಂಧವಿರಲಿಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ನೀರಿನೊಳಗಿನ ಮಂಜುಗಡ್ಡೆಯನ್ನು ಶಬ್ದದಿಂದ ಹುಡುಕುವ ಪ್ರಯತ್ನ ಶುರುವಾಯಿತು. 1914ರಲ್ಲಿ ರೆಜಿನಾಲ್ಡ್ ಫೆಸೆಂಡೆನ್ ಅದನ್ನು ಮಾಡಿ ತೋರಿಸಿದ. ಆಮೇಲೆ ಎರಡು ಯುದ್ಧಗಳಲ್ಲಿ ಅದು ಜಲಾಂತರ್ಗಾಮಿಗಳ ಬೇಟೆಗೆ ಬೆಳೆಯಿತು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಜಪಾನಿನ ಫುರುನೊ ಸಹೋದರರು ಅದನ್ನು ಮೀನು ಹುಡುಕುವ ಯಂತ್ರವಾಗಿ ಮಾರಾಟಕ್ಕೆ ತಂದರು. ಈಗ ನಮ್ಮ ಮಲ್ಪೆ, ಗಂಗೊಳ್ಳಿಯ ಬೋಟುಗಳಲ್ಲೂ ಅದು ಮಾಮೂಲಿ.

ರಂಪಣಿಯ ಕಾಲದಲ್ಲಿ ಅದಿರಲಿಲ್ಲ. ರಂಪಣಿ ಎಂದರೆ ದಡದಿಂದ ಎಳೆಯುವ ಬಹು ದೊಡ್ಡ ಬಲೆ. ಒಂದು ತುದಿಯನ್ನು ದಡದಲ್ಲಿ ಬಿಟ್ಟು, ದೋಣಿಯಲ್ಲಿ ಬಲೆ ಇಳಿಸುತ್ತಾ ಅರ್ಧಚಂದ್ರಾಕಾರದಲ್ಲಿ ಹಿಂಡನ್ನು ಬಳಸಿ, ಇನ್ನೊಂದು ತುದಿಯನ್ನು ದಡಕ್ಕೆ ತಂದು, ಎರಡೂ ಕಡೆ ಹತ್ತಾರು ಜನ ನಿಂತು ಎಳೆಯುವುದು. ಎಳೆದವರಿಗೆಲ್ಲ ಪಾಲು. ಮೀನು ಬಂತೆಂದು ಹೇಳುವವನಿಗೆ ಇದ್ದದ್ದು ಕಣ್ಣು ಮಾತ್ರ. ನೀರಿನ ಬಣ್ಣ, ಹಕ್ಕಿಯ ಹಾರಾಟ, ರಾತ್ರಿಯಾದರೆ ಕಡಲಿನ ಮಿಂಚು. ಹಿಂಡು ಕರೆಗೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲಿ ಅದನ್ನು ಸುತ್ತುವರಿದು, ಬಲೆಯ ಬಾಯಿಯನ್ನು ಚೀಲದ ಹಾಗೆ ಕಟ್ಟಿಬಿಡುವ ವಿದ್ಯೆ. ಜಗಳಗಳಾದವು, ಹೋರಾಟಗಳಾದವು, ಕೊನೆಗೆ ದೊಡ್ಡ ರಂಪಣಿ ನಿಂತಿತು. ಅಪ್ಪಯ್ಯನಿಗೆ ಅದರ ಬಗ್ಗೆ ಸಿಟ್ಟಿಲ್ಲ, ತಾವೂ ಆಮೇಲೆ ಅಂಥ ಬೋಟಿನಲ್ಲೇ ದುಡಿದವರು. ಆದರೆ ಆ ದಿನ ಪರದೆ ನೋಡುತ್ತಾ ಒಂದು ಮಾತು ಹೇಳಿದರು. ನಾವು ಮೀನು ಬರುವುದನ್ನು ಕಾಯುತ್ತಿದ್ದೆವು, "ಇವ್ರ್ ಮೀನ್ ಇಪ್ಪಲ್ಲಿಗೇ ಹೋದ್ರ್."

ಬಂಕರ್ ಮೋಡದ ಕೆಳಗೆ ಐದಾರು ದಪ್ಪ ಹುಬ್ಬುಗಳು ಕಂಡಾಗ ನೆರೆಯವರು ಎಂಜಿನ್ ನಿಲ್ಲಿಸಿದರು. ಬಂಕರಿನ ಮೂಗಿನ ಬಳಿ ಗಾಳ ಚುಚ್ಚಿ ಅಪ್ಪಯ್ಯನ ಕೈಗೆ ಕೋಲು ಕೊಟ್ಟರು. ಗಾಳ ಸಾಮಾನ್ಯದ್ದಲ್ಲ, ತುದಿ ಒಳಮುಖವಾಗಿ ದುಂಡಗೆ ಬಾಗಿದ ಸರ್ಕಲ್ ಹುಕ್. ಎರೆ ಹಾಕಿ ಸ್ಟ್ರೈಪರ್ ಹಿಡಿಯುವವರು 2021ರಿಂದ ಅದನ್ನೇ ಬಳಸಬೇಕೆಂದು ನಿಯಮ. ಮೀನು ಎರೆ ನುಂಗಿದರೂ ಆ ಗಾಳ ಗಂಟಲಿಗೆ ನಾಟದೆ ಜಾರಿ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಮೀನು ಕಚ್ಚಿದಾಗ ಕೋಲನ್ನು ಜಗ್ಗಬಾರದು, ದಾರ ಬಿಗಿಯಾಗುವವರೆಗೆ ಸುಮ್ಮನಿರಬೇಕು. ಕೋಲಿನ ತುದಿ ಬಂಕರಿನ ಬಾಲಕ್ಕೆ ತಾಳ ಹಾಕುತ್ತಿತ್ತು. ಇದ್ದಕ್ಕಿದ್ದಂತೆ ಆ ತಾಳ ದಡಬಡ ಆಯಿತು. ಕೆಳಗೆ ಯಾರೋ ಬಂದಿದ್ದಾರೆಂದು ಬಂಕರಿಗೆ ತಿಳಿದಿತ್ತು. ಅಪ್ಪಯ್ಯನೂ ಉಸಿರು ಹಿಡಿದರು. ಆಮೇಲೆ ದಾರ ಒಂದೇ ಸಮನೆ ಹೊರಟಿತು.

ಹತ್ತು ನಿಮಿಷದ ಮೇಲೆ ದೋಣಿಯ ಬದಿಗೆ ಬಂದದ್ದು 39 ಇಂಚಿನ ಮೀನು. ಮೈಯ ಅಡಿಭಾಗ ಉಬ್ಬಿತ್ತು. ಅಳೆಯುವ ಪಟ್ಟಿ ನೋಡಿ ನೆರೆಯವರು ತಲೆಯಾಡಿಸಿದರು. ಈಗಿನ ನಿಯಮದಂತೆ ಒಬ್ಬರಿಗೆ ದಿನಕ್ಕೆ ಒಂದು ಮೀನು, ಅದೂ 28ರಿಂದ 31 ಇಂಚಿನ ನಡುವಿನದು. ಚಿಕ್ಕದನ್ನು ಬಿಡಬೇಕು ಎನ್ನುವುದು ಅಪ್ಪಯ್ಯನಿಗೆ ಗೊತ್ತಿತ್ತು. ದೊಡ್ಡದನ್ನೂ ಬಿಡಬೇಕೇ? ಇಷ್ಟು ದೊಡ್ಡದು ಸಾಮಾನ್ಯವಾಗಿ ಹೆಣ್ಣು, ಲಕ್ಷಗಟ್ಟಲೆ ಮೊಟ್ಟೆ ಹೊತ್ತು ಹಡ್ಸನ್ ಏರಲು ಹೊರಟಿದೆ ಎಂದೆ. ಅವರು ಮರುಮಾತಾಡಲಿಲ್ಲ. "ಬಸ್ರಿ ಅಲ್ದಾ? ಬಿಡ್, ಬಿಡ್." ಜೂನ್, ಜುಲೈ ಎರಡು ತಿಂಗಳು ಬೋಟು ಮೇಲೆಳೆದು, ನೂಲ ಹುಣ್ಣಿಮೆಗೆ ಕಡಲಿಗೆ ಹಾಲು ತೆಂಗಿನಕಾಯಿ ಕೊಟ್ಟ ಮೇಲಷ್ಟೇ ಇಳಿಯುವ ಊರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನೆರೆಯವರು ಮೀನನ್ನು ನೀರಿನಿಂದ ಮೇಲೆತ್ತದೆ ಗಾಳ ಬಿಡಿಸಿ, ಕೆಳದವಡೆ ಹಿಡಿದು, ಕಿವಿರಿಗೆ ನೀರು ನುಗ್ಗುವಂತೆ ಮುಂದಕ್ಕೆ ನಡೆಸಿದರು. ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ನೂರಕ್ಕೆ ಒಂಬತ್ತು ಸಾಯುತ್ತವೆ ಎಂದು ಇಲ್ಲಿನ ಲೆಕ್ಕಾಚಾರದಲ್ಲಿ ಹಿಡಿಯುತ್ತಾರೆ. ಇಡೀ ಕರಾವಳಿಯಲ್ಲಿ ವರ್ಷಕ್ಕೆ ಬಿಡುವ ಮೀನು ಕೋಟಿಯ ಲೆಕ್ಕದಲ್ಲಿರುವಾಗ ಆ ಒಂಬತ್ತು ಸಣ್ಣದಲ್ಲ. ಕೊನೆಗೆ ಬಾಲ ಒಮ್ಮೆ ಬಡಿದು ಅದು ಹೊರಟುಹೋಯಿತು.

ಮಧ್ಯಾಹ್ನದ ಹೊತ್ತಿಗೆ 30 ಇಂಚಿನದೊಂದು ಸಿಕ್ಕಿತು, ಅದನ್ನು ಮನೆಗೆ ತಂದೆವು. ಅಪ್ಪಯ್ಯ ತೆಂಗಿನಕಾಯಿ ಅರೆಸಿ ಸಾರು ಮಾಡಿಸಿದರು. ಮಗಳಿಗೆ ಕೊಡಲಿಲ್ಲ. ಹಡ್ಸನ್ ನದಿಗೆ ದಶಕಗಳ ಕಾಲ ಸುರಿದ ಪಿಸಿಬಿ ಎಂಬ ರಾಸಾಯನಿಕ ಇಂದಿಗೂ ಈ ಮೀನಿನ ಕೊಬ್ಬಿನಲ್ಲಿದೆ. ಅದರಿಂದಾಗಿಯೇ 1976ರಲ್ಲಿ ಹಡ್ಸನ್ನಿನಲ್ಲಿ ಇದನ್ನು ಹಿಡಿದು ಮಾರುವುದನ್ನು ನಿಲ್ಲಿಸಿದರು. ಮಕ್ಕಳು ತಿನ್ನಬಾರದು, ದೊಡ್ಡವರೂ ಅಪರೂಪಕ್ಕೆ ತಿನ್ನಬೇಕು ಎಂದು ಸರಕಾರದ ಸಲಹೆ. ಮೊಮ್ಮಗಳ ತಟ್ಟೆಗೆ ಮೀನು ಬಡಿಸಲಾಗದ ಕಡಲು ಎಂಥದ್ದು ಎಂದು ಅಪ್ಪಯ್ಯ ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆದರೆ ಆ ದಿನದಿಂದ ನನ್ನ ತಲೆಯಲ್ಲಿ ಉಳಿದದ್ದು ಬೇರೆಯೇ ಒಂದು ಮಾತು. ದಡಕ್ಕೆ ಮರಳುವಾಗ ಕೊಲ್ಲಿಯ ತುಂಬ ದೋಣಿಗಳು. ಎಲ್ಲರ ಪರದೆಯ ಮೇಲೂ ಮೀನು. ನೆರೆಯವರು ಅದನ್ನು ತೋರಿಸಿ, ಮೀನು ಕಡಿಮೆಯಾಗಿದೆ ಅನ್ನುವ ವಿಜ್ಞಾನಿಗಳು ಒಂದು ದಿನ ನನ್ನ ದೋಣಿಗೆ ಬರಲಿ ಅಂದರು. ಅವರು ಸುಳ್ಳು ಹೇಳುವವರಲ್ಲ. ನಲವತ್ತು ವರ್ಷದಿಂದ ಈ ಕೊಲ್ಲಿ ನೋಡಿದವರು. ಪರದೆಯೂ ಸುಳ್ಳಲ್ಲ. ದೋಣಿಯ ಕೆಳಗೆ ನಿಜವಾಗಿಯೂ ಮೀನಿತ್ತು.

ನಮ್ಮೂರಿನ ಕೊಡಿ ಹಬ್ಬದ ದಿನ ಕೋಟೇಶ್ವರದ ರಥಬೀದಿಯಲ್ಲಿ ನಿಂತವನಿಗೆ ಕಾಲಿಡಲು ಜಾಗವಿರುವುದಿಲ್ಲ. ಹಾಗೆಂದು ಅವನು ಸುತ್ತಲಿನ ಹಳ್ಳಿಗಳಲ್ಲಿ ಜನ ಹೆಚ್ಚಿದ್ದಾರೆ ಅನ್ನಲಾಗದು. ಎಷ್ಟೋ ಮನೆಗೆ ಬೀಗ ಬಿದ್ದಿರಬಹುದು, ಹುಡುಗರೆಲ್ಲ ಬೆಂಗಳೂರು ಸೇರಿರಬಹುದು, ಹಬ್ಬದ ಬೀದಿ ಮಾತ್ರ ತುಂಬಿಯೇ ಇರುತ್ತದೆ. ಮೀನೂ ಹಾಗೆ. ಎಷ್ಟೇ ಕಡಿಮೆಯಾದರೂ ಉಳಿದವು ಬಂಕರ್ ಇರುವಲ್ಲಿಗೆ, ಬೆಚ್ಚಗಿನ ನೀರಿಗೆ, ಹುಟ್ಟಿದ ನದಿಯ ಬಾಯಿಗೆ ಬಂದು ಸೇರುತ್ತವೆ. ಸೇರುವ ಜಾಗ ಗೊತ್ತಿರುವವನಿಗೆ, ಸೋನಾರ್ ಇರುವವನಿಗೆ, ಕೊನೆಯ ದಿನದವರೆಗೂ ಕಡಲು ತುಂಬಿದಂತೆಯೇ ಕಾಣುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನಿಗೆ ಆದದ್ದು ಇದೇ. ಒಟ್ಟು ಸಂಖ್ಯೆ ಕುಸಿಯುತ್ತಿದ್ದಾಗಲೂ ದೊಡ್ಡ ಹಡಗುಗಳ ಬಲೆ ತುಂಬುತ್ತಲೇ ಇತ್ತು, ಯಾಕೆಂದರೆ ಉಳಿದ ಮೀನು ಒತ್ತಾಗಿ ಗುಂಪುಗೂಡಿತ್ತು. 1992ರಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು, ಸಾವಿರಾರು ಮನೆಗಳ ಒಲೆ ಆರಿತು. ಮೂರು ದಶಕ ಕಳೆದರೂ ಆ ಕಾಡ್ ಹಿಂದಿನಂತೆ ಆಗಿಲ್ಲ.

ಸ್ಟ್ರೈಪರ್ ಒಮ್ಮೆ ಆ ದಾರಿಯಲ್ಲಿ ಹೋಗಿ ಮರಳಿದ ಮೀನು. 1970ರ ದಶಕದ ಕೊನೆಗೆ ಕುಸಿಯಿತು. 1984ರಲ್ಲಿ ಅಮೆರಿಕದ ಸಂಸತ್ತು ಇದಕ್ಕೆಂದೇ ಕಾನೂನು ಮಾಡಿತು. ಮೇರಿಲ್ಯಾಂಡ್ 1985ರಿಂದ 1990ರವರೆಗೆ ಸಂಪೂರ್ಣ ನಿಷೇಧ ಹಾಕಿತು. ದಡದವರು ಬೈದರು, ನಷ್ಟ ಅನುಭವಿಸಿದರು, ಕಾದರು. 1995ರಲ್ಲಿ ಮೀನು ಚೇತರಿಸಿಕೊಂಡಿತೆಂದು ಘೋಷಣೆಯಾಯಿತು. ಆಮೇಲೆ 2019ರ ವರದಿ ಮತ್ತೆ ಮಿತಿಮೀರಿ ಹಿಡಿದಿದ್ದೀರಿ ಎಂದಿತು. 31 ಇಂಚಿನ ಮಿತಿ ತುರ್ತಾಗಿ ಬಂದದ್ದು 2023ರಲ್ಲಿ, 2015ರಲ್ಲಿ ಹುಟ್ಟಿದ ಒಂದು ದೊಡ್ಡ ಪೀಳಿಗೆಯನ್ನು ಉಳಿಸಿಕೊಳ್ಳಲು. ಅದರ ಹಿಂದೆ ಬರುವ ಪೀಳಿಗೆಗಳು ತೆಳುವಾಗಿದ್ದವು.

ತೆಳುವಾಗಿದ್ದವೆಂದು ಯಾರು ಹೇಳಿದರು, ಹೇಗೆ ಹೇಳಿದರು ಎಂದು ಅಪ್ಪಯ್ಯ ಕೇಳಿದರು. ಉತ್ತರ ಹುಡುಕಿದಾಗ ನನಗೇ ಖುಷಿಯಾಯಿತು. 1954ರಿಂದ ಮೇರಿಲ್ಯಾಂಡಿನವರು ಚೆಸಪೀಕಿನ ನದಿಗಳಲ್ಲಿ ಗೊತ್ತುಮಾಡಿದ 22 ಜಾಗಗಳಿಗೆ ಜುಲೈ, ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋಗುತ್ತಾರೆ. 100 ಅಡಿ ಉದ್ದದ ಬಲೆಯ ಒಂದು ತುದಿ ದಡದಲ್ಲಿ, ಇನ್ನೊಂದನ್ನು ಹಿಡಿದವನು ನೀರಿಗೆ ಇಳಿದು ಅರ್ಧ ಸುತ್ತು ಬಳಸಿ ದಡಕ್ಕೆ ಬರುತ್ತಾನೆ. ಕೈಯಲ್ಲಿ ಎಳೆಯುತ್ತಾರೆ. ಬೆರಳುದ್ದದ ಮರಿಗಳನ್ನು ಎಣಿಸಿ ನೀರಿಗೆ ಬಿಡುತ್ತಾರೆ. ಆ ವೀಡಿಯೊ ತೋರಿಸಿದಾಗ ಅಪ್ಪಯ್ಯ ಕುರ್ಚಿಯಿಂದ ಮುಂದೆ ಬಾಗಿದರು. "ಅದ್ ನಮ್ ಕೈರಂಪಣಿ ಅಲ್ದಾ!" ಹೌದು, ಅದೇ. ಮೀನು ಎಲ್ಲಿದೆಯೆಂದು ಹುಡುಕಿಕೊಂಡು ಹೋಗದ ಬಲೆ. ಪ್ರತಿ ವರ್ಷ ಅದೇ ಜಾಗಕ್ಕೆ ಹೋಗಿ, ಬಂದಷ್ಟನ್ನು ಎಣಿಸುವ ಬಲೆ. ಬಾರದಿದ್ದರೆ ಬರಲಿಲ್ಲ ಎಂದು ಬರೆದುಕೊಳ್ಳುವ ಬಲೆ. ಸೋನಾರಿಗೆ ಗೊತ್ತಾಗದ್ದು ಅದಕ್ಕೆ ಗೊತ್ತಾಗುವುದು ಆ ಕಾರಣಕ್ಕೇ.

ಆ ಲೆಕ್ಕದ ದೀರ್ಘಕಾಲದ ಸರಾಸರಿ ಸುಮಾರು 11. ಅಂದರೆ ಒಂದು ಎಳೆತಕ್ಕೆ ಅಷ್ಟು ಮರಿ ಎಂದು ಸ್ಥೂಲವಾಗಿ ತಿಳಿಯಬಹುದು. 2019ರಿಂದ ಪ್ರತಿ ವರ್ಷವೂ ಅದು ಸರಾಸರಿಗಿಂತ ಬಹಳ ಕೆಳಗಿದೆ. 2023ರಲ್ಲಿ ಕೇವಲ 1. ಬೆಚ್ಚಗಿನ ಚಳಿಗಾಲ, ವಸಂತದಲ್ಲಿ ನದಿಗಳಲ್ಲಿ ಸಾಲದ ನೀರು ಕಾರಣವಿರಬಹುದು ಎನ್ನುತ್ತಾರೆ. ಆ ಕಾರಣಗಳಿಗೆ ಗಾಳದವರೇನೂ ಮಾಡಲಾಗದು. ದೊಡ್ಡ ಹೆಣ್ಣು ಮೀನುಗಳು ನದಿ ಏರುವಂತೆ ಬಿಡುವುದು ಮಾತ್ರ ಅವರ ಕೈಯಲ್ಲಿದೆ. ಒಂದು ಒಳ್ಳೆಯ ವಸಂತ ಬಂದಾಗ ಮೊಟ್ಟೆ ಇಡಲು ತಾಯಂದಿರು ಉಳಿದಿರಬೇಕಲ್ಲ. ನೆರೆಯವರಿಗೆ ನಾನು ಈ ಲೆಕ್ಕ ತೋರಿಸಿದೆ. ಪೂರ್ತಿ ಒಪ್ಪಲಿಲ್ಲ. ಆದರೆ ಆ ವರ್ಷದ ಉಳಿದ ದಿನಗಳಲ್ಲಿ ಅವರು ಒಂದು ಮೀನನ್ನೂ ಮನೆಗೆ ಒಯ್ಯಲಿಲ್ಲ. ಕೇಳಿದರೆ ಫ್ರೀಜರಿನಲ್ಲಿ ಜಾಗವಿಲ್ಲ ಅಂದರು.

ಅಪ್ಪಯ್ಯ ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದರು. ಮೇರಿಲ್ಯಾಂಡಿನ ಲೆಕ್ಕ ಹೊರಬರುವುದು ಅಕ್ಟೋಬರಿನಲ್ಲಿ. ಆ ಭಾನುವಾರ ಫೋನು ಮಾಡಿದಾಗ ಅವರು ಕೇಳಿದ್ದು ನನ್ನ ಕೆಲಸವನ್ನಲ್ಲ, ನಾನು ಹಿಡಿದ ಮೀನನ್ನೂ ಅಲ್ಲ. "ಈ ಸರ್ತಿ ಮರಿ ಎಷ್ಟ್?" 2 ಅಂದೆ. ಹೋದ ವರ್ಷ 1, ಈ ವರ್ಷ 2. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಕಡಲಿನ ಸದ್ದು ಕೇಳುತ್ತಿತ್ತು. ಕಮ್ಮಿಯಾದರೂ, ಅಂದರು, "ಇತ್ತ್ ಅಲ್ದಾ?"

ಇತ್ತ್ ಅಂದೆ. ನಮ್ಮೂರಿನ ಅರ್ಥದಲ್ಲೇ.